ಕಂಡದ್ದು ಕಂಡ ಹಾಗೆ ಗೀಚಿ ಪದ ಕಲಿತದ್ದು

ಇಂಗ್ಲಿಷ್ ಪದಗಳನ್ನು ಕಲಿಯಲು ಮೊದಲು ನಾನೂ ಎಲ್ಲರಂತೆ ಪಟ್ಟಿ ಮಾಡಿದವನೇ. ಎಡಕ್ಕೆ ಪದ, ಬಲಕ್ಕೆ ಕನ್ನಡ ಅರ್ಥ, ದಿನಕ್ಕೆ ಹತ್ತು. ಮೂರು ನೋಟ್‌ಪುಸ್ತಕ ತುಂಬಿದವು, ತಲೆ ತುಂಬಲಿಲ್ಲ. ಓದುವಾಗ ಅದೇ ಪದ ಎದುರಾದರೆ ಅದು ಪುಟದ ಮೇಲಿನಿಂದ ನಾಲ್ಕನೆಯದು, ನೀಲಿ ಶಾಯಿಯಲ್ಲಿದೆ ಎಂಬುದೆಲ್ಲ ನೆನಪಾಗುತ್ತಿತ್ತು. ಅದರ ಬಲಕ್ಕೆ ಬರೆದಿದ್ದೇನು ಎಂಬುದು ಮಾತ್ರ ಇಲ್ಲ.

ಈ ಪಟ್ಟಿಯಲ್ಲಿ ‘ಕ್ಯಾಂಡಿಡ್’ ಎಂಬುದು ನನ್ನನ್ನು ಐದಾರು ಸಲ ಸೋಲಿಸಿತ್ತು. ಅರ್ಥ: ಮುಚ್ಚುಮರೆಯಿಲ್ಲದ. ಒಂದು ದಿನ ಅದನ್ನು ಬೇಸರದಿಂದ ಗಟ್ಟಿಯಾಗಿ ಓದುತ್ತಿದ್ದಾಗ ‘ಕಂಡಿದ್ದು’ ಎಂದು ಕೇಳಿಸಿತು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ! ಗಾದೆ ನಾಲಿಗೆಯ ಮೇಲೇ ಇತ್ತು. ಪೆನ್ಸಿಲ್ ತೆಗೆದುಕೊಂಡು ಎರಡು ಕಡ್ಡಿಮನುಷ್ಯರನ್ನು ಗೀಚಿದೆ. ಒಬ್ಬ ಇನ್ನೊಬ್ಬನ ತಲೆಯತ್ತ ಬೆರಳು ತೋರಿಸಿ ‘ಇದು ಟೋಪನ್’ ಎನ್ನುತ್ತಿದ್ದಾನೆ. ಟೋಪನ್‌ನವನ ತಲೆಯಿಂದ ಕೆಂಡಗಳು ಹಾರುತ್ತಿವೆ. ಒಂದು ನಿಮಿಷದ ಕೆಲಸ. ಆ ಪದ ಮತ್ತೆ ಮರೆತುಹೋಗಲಿಲ್ಲ.

ಚಿತ್ರಕಲೆಯಲ್ಲಿ ನನ್ನ ಯೋಗ್ಯತೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಾನು ಬಿಡಿಸಿದ ಕುದುರೆಯನ್ನು ಮನೆಯ ಮಕ್ಕಳು ಮೇಜು ಎಂದುಕೊಂಡಿದ್ದರು. ಅದರಿಂದ ತೊಂದರೆಯೇನೂ ಆಗಲಿಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಗಳನ್ನು ಮತ್ತೆಮತ್ತೆ ಬರೆದಾಗ ಉಳಿದದ್ದಕ್ಕಿಂತ ಅವುಗಳ ಚಿತ್ರ ಬಿಡಿಸಿದಾಗ ಹೆಚ್ಚು ನೆನಪುಳಿದಿತ್ತು. ಬಿಡಿಸಲು 4 ಸೆಕೆಂಡ್ ಮಾತ್ರ ಕೊಟ್ಟಾಗಲೂ ಅಷ್ಟೇ. 4 ಸೆಕೆಂಡಿನಲ್ಲಿ ಯಾರು ತಾನೇ ಚೆನ್ನಾಗಿ ಬಿಡಿಸಿಯಾರು? ನನ್ನ ಅನುಭವದಲ್ಲಿ ಗೀಚುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಏನನ್ನು ಗೀಚಬೇಕು ಎಂದು ತೀರ್ಮಾನಿಸಲು. ‘ಹಿಂಜರಿಯುವ’ ಎಂದು ಬಲಕ್ಕೆ ಬರೆದು ಮುಂದೆ ಹೋಗುವುದು ಸುಲಭ. ಆದರೆ ಯಾರು ಹಿಂಜರಿಯುತ್ತಿದ್ದಾರೆ, ಯಾವುದಕ್ಕೆ, ಕಾಲು ಎಲ್ಲಿದೆ ಎಂದು ಕೇಳಿಕೊಂಡಾಗಲೇ ‘ರಿಲಕ್ಟೆಂಟ್’ ಎಂದರೆ ಹೆದರಿಕೆಯಲ್ಲ, ಮನಸ್ಸಿಲ್ಲದಿರುವಿಕೆ ಎಂಬುದು ಹೊಳೆದದ್ದು. ಹಗ್ಗ ಎಳೆದಷ್ಟೂ ನಾಲ್ಕು ಕಾಲನ್ನೂ ನೆಲಕ್ಕೆ ಊರಿ ನಿಂತ ಕರುವನ್ನು ಬಿಡಿಸಿದೆ. (ಅದೂ ಮೇಜಿನಂತೆಯೇ ಇದೆ.)

ಕನ್ನಡದ ಕಿವಿಗೆ ಇಂಗ್ಲಿಷ್ ಪದಗಳು ಕೊಡುವ ಕೊಂಡಿಗಳು ಒಂದೆರಡಲ್ಲ. ‘ನಿಂಬಲ್’ ಎಂದರೆ ಚುರುಕು: ನಿಂಬೆಹಣ್ಣಿಗೆ ಎರಡು ಕಾಲು ಮೂಡಿ ಅದು ಬೇಲಿ ಹಾರುತ್ತಿದೆ. ‘ಅಬೇಟ್’ ಎಂದರೆ ತಗ್ಗುವುದು: ಬೇಟೆಗಾರ ಮರದಡಿ ಕುಳಿತು ಮಳೆ ತಗ್ಗಲೆಂದು ಕಾಯುತ್ತಿದ್ದಾನೆ, ಅವನ ಪಕ್ಕದಲ್ಲೇ ಮೊಲವೂ ಕಾಯುತ್ತಿದೆ. ‘ಹ್ಯಾಗಲ್’ ಅಂತೂ ನನ್ನ ಮೆಚ್ಚಿನದು. ಚೌಕಾಸಿ ಮಾಡುವುದು ಎಂದರ್ಥ. ಹಗ್ಗದ ಒಂದು ತುದಿ ಅಂಗಡಿಯವನ ಕೈಯಲ್ಲಿ, ಇನ್ನೊಂದು ಗಿರಾಕಿಯ ಕೈಯಲ್ಲಿ, ನಡುವೆ ಬೆಲೆಯ ಚೀಟಿ ತೂಗುತ್ತಿದೆ. ಹಗ್ಗಜಗ್ಗಾಟ ಎಂಬ ಮಾತು ನಮ್ಮಲ್ಲಿ ಇದ್ದೇ ಇತ್ತಲ್ಲ, ನಾನು ಹೊಸದಾಗಿ ಕಟ್ಟಿದ್ದೇನೂ ಇಲ್ಲ.

ಈ ಉತ್ಸಾಹದಲ್ಲೇ ಎಡವಿಬಿದ್ದೆ. ‘ಗಲಿಬಲ್’ ಎಂಬ ಪದ ಸಿಕ್ಕಾಗ ಕುಣಿಯುವಂತಾಯಿತು. ಗಲಿಬಿಲಿ! ಇದಕ್ಕಿಂತ ಹತ್ತಿರದ ಕೊಂಡಿ ಇನ್ನೊಂದು ಸಿಗಲಾರದು ಎಂದುಕೊಂಡು, ತಲೆಯ ಸುತ್ತ ಪ್ರಶ್ನಾರ್ಥಕ ಚಿಹ್ನೆಗಳು ಸುತ್ತುತ್ತಿರುವ ಒಬ್ಬ ಪೆಚ್ಚನನ್ನು ಬಿಡಿಸಿದೆ. ಕೆಲವು ತಿಂಗಳ ನಂತರ ನನ್ನ ಮೇಲಧಿಕಾರಿಗೆ ಬರೆದ ಇಮೇಲ್‌ನಲ್ಲಿ, ಸೂಚನೆಗಳನ್ನು ಓದಿ ಗೊಂದಲವಾಯಿತು ಎನ್ನಲು ‘ನಾನು ಗಲಿಬಲ್ ಆದೆ’ ಎಂದು ಬರೆದೆ. ಅವರು ಫೋನ್ ಮಾಡಿ, “ಏನಾಯಿತು? ನಿಮಗೆ ಯಾರಾದರೂ ಮೋಸ ಮಾಡಿದರೆ?” ಎಂದು ಕೇಳಿದರು. ಆ ಪದಕ್ಕೆ ಯಾರು ಏನು ಹೇಳಿದರೂ ನಂಬುವವನು ಎಂದರ್ಥ. ಕೊಂಡಿಯ ಅರ್ಥವೇ ಪದದ ಅರ್ಥವನ್ನು ನುಂಗಿಹಾಕಿತ್ತು.

ಹೀಗೆ ದನಿಯನ್ನು ಕೊಂಡಿಯಾಗಿಸಿಕೊಳ್ಳುವುದು ನನ್ನ ಆವಿಷ್ಕಾರವಲ್ಲ ಎಂದು ಆಮೇಲೆ ತಿಳಿಯಿತು. 1975ರಲ್ಲಿ ಅಟ್ಕಿನ್ಸನ್ ಮತ್ತು ರಾ ಎಂಬ ಮನೋವಿಜ್ಞಾನಿಗಳು 120 ರಷ್ಯನ್ ಪದಗಳನ್ನು ಇದೇ ದಾರಿಯಲ್ಲಿ ಕಲಿಸಿ ನೋಡಿದ್ದರು. ಕೊಂಡಿ ಬಳಸಿದವರು 72 ಶೇಕಡಾ ಪದಗಳನ್ನು ನೆನಪಿಟ್ಟುಕೊಂಡರೆ, ಕೊಂಡಿಯಿಲ್ಲದೆ ಕಲಿತವರು 46 ಶೇಕಡಾ. ಅವರ ವಿಧಾನದಲ್ಲಿ ಎರಡು ಹೆಜ್ಜೆಗಳಿವೆ: ದನಿಯಿಂದ ಕೊಂಡಿಗೆ, ಕೊಂಡಿಯಿಂದ ಅರ್ಥಕ್ಕೆ. ನಾನು ಮೊದಲ ಹೆಜ್ಜೆಯಲ್ಲೇ ಕುಳಿತುಬಿಟ್ಟಿದ್ದೆ. ಪೆಚ್ಚನನ್ನು ಅಳಿಸಿ ಬೇರೆ ಚಿತ್ರ ಬಿಡಿಸಿದೆ. ಒಬ್ಬ ಇನ್ನೊಬ್ಬನ ಗಲ್ಲ ಸವರುತ್ತ ಚೀಲದಲ್ಲಿ ಚಂದ್ರನನ್ನು ಮಾರುತ್ತಿದ್ದಾನೆ, ಕೊಳ್ಳುವವನು ‘ಹುಣ್ಣಿಮೆಯದ್ದೇ ಕೊಡಿ’ ಎನ್ನುತ್ತಿದ್ದಾನೆ. ಈಗ ಕೊಂಡಿಯಾಗಿ ಗಲ್ಲವಿದೆ, ಅರ್ಥ ನಡೆಯುತ್ತಿರುವ ವ್ಯಾಪಾರದಲ್ಲಿದೆ. ಅಂದಿನಿಂದ ಪ್ರತಿ ಚಿತ್ರ ಮುಗಿದ ಮೇಲೂ ದನಿಯನ್ನು ಮರೆತು ನೋಡುತ್ತೇನೆ. ಅದರಲ್ಲಿ ಅರ್ಥ ಕಾಣದಿದ್ದರೆ ಹರಿದುಹಾಕುತ್ತೇನೆ.

ಉಳಿದದ್ದು ಸರಳ. ಅಂಗೈಯಗಲದ ರಟ್ಟಿನ ಚೀಟಿ, ಒಂದು ಕಡೆ ಚಿತ್ರ, ಹಿಂದೆ ಪದ ಮತ್ತು ಅದು ಬಳಕೆಯಾದ ವಾಕ್ಯ. ಕನ್ನಡ ಅರ್ಥ ಬರೆಯುವುದಿಲ್ಲ, ಬರೆದರೆ ಕಣ್ಣು ಚಿತ್ರವನ್ನು ಬಿಟ್ಟು ಅಲ್ಲಿಗೇ ಓಡುತ್ತದೆ. ಮರುದಿನ, ಮೂರನೆಯ ದಿನ, ವಾರದ ನಂತರ ಚೀಟಿಗಳನ್ನು ತಿರುವಿಹಾಕುತ್ತೇನೆ. ಚಿತ್ರ ನೋಡಿ ಪದ ಹೇಳಬೇಕು, ಪದ ನೋಡಿ ಚಿತ್ರವನ್ನೂ ಹೇಳಬೇಕು. ಎರಡನೆಯದು ಸುಲಭ, ಮಾತಾಡುವಾಗ ಒದಗುವುದು ಮೊದಲನೆಯದು. ದಿನಕ್ಕೆ ಐದು ಪದ ಸಾಕು, ಹತ್ತು ಮಾಡಿದ ದಿನ ಎಲ್ಲ ಮುಖಗಳೂ ಒಂದೇ ಆಗಿಬಿಡುತ್ತವೆ.

ಮುಖಗಳದ್ದೇ ಇನ್ನೊಂದು ಫಜೀತಿ. ದುಃಖಕ್ಕೆ ಸಂಬಂಧಿಸಿದ ಪದಗಳಿಗೆಲ್ಲ ನಾನು ಬಾಯಿ ಕೆಳಕ್ಕೆ ಬಾಗಿದ ದುಂಡು ಮುಖವನ್ನೇ ಬಿಡಿಸುತ್ತಿದ್ದೆ. ‘ಗ್ಲೂಮಿ’, ‘ಮಿಸರಬಲ್’, ‘ಹೋಮ್‌ಸಿಕ್’ ಮೂರೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಆಮೇಲೆ ಮುಖವನ್ನೇ ಬಿಟ್ಟೆ. ಗ್ಲೂಮಿಗೆ ಒಬ್ಬನ ನೆತ್ತಿಯ ಮೇಲಷ್ಟೇ ನಿಂತ ಮೋಡ, ಮಿಸರಬಲ್‌ಗೆ ಸೋರುವ ಸೂರಿನಡಿ ಜ್ವರದಿಂದ ಮಲಗಿದವನು, ಹೋಮ್‌ಸಿಕ್‌ಗೆ ಬೆನ್ನಿನ ಚೀಲದಿಂದ ಇಣುಕುವ ಮನೆಯ ಬಾಗಿಲು.

ಅರ್ಥಕ್ಕಿಂತ ವ್ಯಾಕರಣವೇ ಹೆಚ್ಚಿರುವ ಪದಗಳು ಇನ್ನೂ ಸತಾಯಿಸುತ್ತವೆ. ‘ಡಿಸ್‌ಪೈಟ್’ ಹೇಗೋ ಸಿಕ್ಕಿತು: ಬಿರುಮಳೆ, ಕೊಡೆಯಿಲ್ಲ, ಆದರೂ ಒಬ್ಬ ಗಿಡಗಳಿಗೆ ನೀರು ಹಾಕುತ್ತಿದ್ದಾನೆ. ‘ಹಾಗಾಗದ ಹೊರತು’ ಎಂಬರ್ಥದ ‘ಅನ್‌ಲೆಸ್’ನ ಚೀಟಿ ಮಾತ್ರ ಮೂರು ವಾರದಿಂದ ಖಾಲಿ ಬಿದ್ದಿದೆ. ನಿನ್ನೆ ಒಂದು ಬಾಗಿಲು, ಒಂದು ಬೀಗ, ಬೀಗದ ಕೈಯನ್ನು ಬಾಯಲ್ಲಿ ಕಚ್ಚಿಕೊಂಡ ಒಂದು ನಾಯಿ ಬಿಡಿಸಿ ನೋಡಿದೆ. ನಾಯಿ ಚೆನ್ನಾಗಿ ಬಂದಿದೆ. ಪದ ಇನ್ನೂ ಬಂದಿಲ್ಲ.