ಈಶ್ವರಿ ಬಳ್ಳಿಗೆ ಬರ್ಡ್‌ವಿಂಗ್ ಬಂತು

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಖಾನಾಪುರದ ನಮ್ಮ ಹಿತ್ತಲಿನಿಂದ 6 ಸದರ್ನ್ ಬರ್ಡ್‌ವಿಂಗ್ ಚಿಟ್ಟೆ ಹಾರಿ ಹೋದವು. 7 ಇದ್ದರೂ ಇರಬಹುದು, ಒಂದು ಗೂಡು ನಾನು ನೋಡುವ ಹೊತ್ತಿಗೆ ಖಾಲಿಯಾಗಿತ್ತು. ಕಾಡಿನ ಪಾತರಗಿತ್ತಿ ಹಿತ್ತಲಿಗೆ ಬರೋದಿಲ್ಲ ಎಂದಿದ್ದ ಗೆಳೆಯರಿಗೆಲ್ಲ ಅವತ್ತೇ ಫೋಟೊ ಕಳಿಸಿದೆ. ಇದರ ಮರಿಹುಳು ತಿನ್ನುವ ಈಶ್ವರಿ ಬಳ್ಳಿ ಬೆಳೆಸಲು ನಾನು ಒದ್ದಾಡಿದ 3 ವರ್ಷವೂ ಕಾಕಾ ಅಂತೂ ಒಂದೇ ಮಾತು ಹೇಳಿದ್ದರು: "ಯಾಕ ರೊಕ್ಕ ಹಾಳ ಮಾಡ್ತೀ, ತಮ್ಮಾ?"

ರೊಕ್ಕ ಹಾಳಾಗಿದ್ದು ನಿಜ. ಮೊದಲ ವರ್ಷ ಒಂದು ನರ್ಸರಿಯಲ್ಲಿ ಈಶ್ವರಿ ಬಳ್ಳಿ ಎಂದು 12 ಸಸಿ ಕೊಟ್ಟರು. ಒಂದಕ್ಕೆ 120 ರೂಪಾಯಿ ಇರಬೇಕು. ಅಗಲ ಎಲೆ, ಅಂಗೈಯಷ್ಟು ಕಂದು ಹೂವು. ಹೂ ಬಿಟ್ಟ ಮೇಲೇ ಗೊತ್ತಾಯಿತು, ಅದು ದಕ್ಷಿಣ ಅಮೆರಿಕದ ಅಲಂಕಾರದ ಬಳ್ಳಿ. ಈಶ್ವರಿಯ ಮೇಲೆ ಮೊಟ್ಟೆ ಇಡುವ ರೋಸ್ ಚಿಟ್ಟೆಗಳು ಅದರ ಮೇಲೂ ಮೊಟ್ಟೆ ಇಟ್ಟವು. ಎಲೆ ತಿಂದ ಮರಿಹುಳುಗಳು ಒಂದೊಂದಾಗಿ ಸತ್ತವು. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಮರಿಗಳನ್ನು ಕೊಲ್ಲುವುದೂ ಇದೇ ಬಳ್ಳಿ. ಬಹಳ ಸಂಕಟವಾಯಿತು. ಎಲ್ಲ ಬೇರುಸಮೇತ ಕಿತ್ತೆ.

ಎರಡನೇ ವರ್ಷ ನಿಜವಾದ ಈಶ್ವರಿ ಹಚ್ಚಿದೆ. ಆದರೆ ಬಿಸಿಲಿನ ತಂತಿಬೇಲಿಗೆ ಹಬ್ಬಿಸಿದೆ. ಕ್ರಿಮ್ಸನ್ ರೋಸ್ ಹುಳುಗಳು 15 ದಿನದಲ್ಲಿ ಬೋಳು ಮಾಡಿದವು. ಆ ಬೇಲಿಯನ್ನು ಅವುಗಳಿಗೇ ಬಿಟ್ಟು, ಹಲಸಿನ ಮರದ ಅರೆನೆರಳಿಗೆ ಬೇರೆ 8 ಬಳ್ಳಿ ಏರಿಸಿದೆ. ಗೆದ್ದಿದ್ದು ಇಲ್ಲೇ. ಬರ್ಡ್‌ವಿಂಗ್ ಹುಳು ಬೆರಳಿನಷ್ಟು ದಪ್ಪ ಆಗುತ್ತೆ, ತಿನ್ನೋದೂ ಜಾಸ್ತಿ. ಎಳೆ ಬಳ್ಳಿ ಸಾಲುವುದಿಲ್ಲ.

ಬೀಜಕ್ಕೆ ಕಾಯಿ ಬಿರಿಯುವ ಮೊದಲೇ ಬಟ್ಟೆ ಚೀಲ ಕಟ್ಟಿ. ಬಿರಿದರೆ ತಲೆಕೆಳಗಾದ ಛತ್ರಿ ಹಾಗೆ ನೇತಾಡುತ್ತೆ, ಬೀಜ ಗಾಳಿಪಾಲು. ನೆನೆಸಲು ನೀರಿಗೆ ಏನು ಸೇರಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೆಳಗಾವಿಯಲ್ಲಿ ತಂಗಿಯ ಮನೆ ಟೆರೇಸ್ ಮೇಲೂ 2 ಕುಂಡ ಇಟ್ಟು ನೋಡಿದೆ. ರೋಸ್ ಬಂದವು, ಬರ್ಡ್‌ವಿಂಗ್ ಬರಲಿಲ್ಲ. ನಮ್ಮ ಖಾನಾಪುರಕ್ಕಿರುವಂತೆ ಭೀಮಗಡದಂಥ ಕಾಡು ಹತ್ತಿರ ಬೇಕು ಅನಿಸುತ್ತೆ.

ನನಗೆ ಈ ಹುಚ್ಚು ಹಿಡಿದದ್ದು ಶ್ರೀಲಂಕಾ ಬರ್ಡ್‌ವಿಂಗ್‌ನಿಂದ. ಆ ಒಂದು ದ್ವೀಪ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಅದಿಲ್ಲ. ಅದರ ಮರಿಗಳೂ ಈಶ್ವರಿ ಎಲೆಯನ್ನೇ ತಿನ್ನುತ್ತವೆ. ಅಲ್ಲಿ ಬಳ್ಳಿ ಹೋದರೆ ಆ ಚಿಟ್ಟೆ ಎಲ್ಲಿಗೆ ಹೋಗಬೇಕು? ನಮ್ಮ ಸದರ್ನ್ ಬರ್ಡ್‌ವಿಂಗ್ ಕೂಡ ಭಾರತ ದಾಟಿ ಇರುವುದಿಲ್ಲ. 2016ರಲ್ಲಿ ರಾಜ್ಯದ ಚಿಟ್ಟೆ ಎಂದು ಹೆಸರು ಕೊಟ್ಟೆವು, ಬಳ್ಳಿ ಹಚ್ಚೋದು ಬೇಡ್ವಾ?

ಒಟ್ಟು ಖರ್ಚು ಸುಮಾರು 11 ಸಾವಿರ. ಈಗ 40 ಸಸಿ ಎದ್ದಿವೆ. ಕಾಕಾ 4 ಕೇಳಿದ್ದಾರೆ. ಅವರ ಗೋಡಂಬಿಗೆ ಔಷಧ ಹೊಡೆಯೋದು ನಿಲ್ಲಿಸಿದರೆ ಕೊಡುತ್ತೇನೆ ಎಂದಿದ್ದೇನೆ.