ದೀಪ ತಲೆ ತಗ್ಗಿಸಿದ್ದೇಕೆ?

ಇಂಗ್ಲೆಂಡಿನ ಬಾತ್ ಊರಿನ ಹೊರಗೊಂದು ಬಯಲು. ಭಾನುವಾರ ಬೆಳಿಗ್ಗೆ ಜನ ಅಲ್ಲಿಗೆ ಬಂದು, ಕಾರಿನ ಡಿಕ್ಕಿ ತೆರೆದು ಮನೆಯ ಹಳೇ ಸಾಮಾನು ಮಾರುತ್ತಾರೆ. ಅಲ್ಲೇ ನನಗೆ ಆಂಗಲ್‌ಪಾಯ್ಸ್ ಅನ್ನೋ ದೀಪದ 1227 ನಂಬರಿನ ಮಾದರಿ ಸಿಕ್ಕಿದ್ದು. ಮೇಜಿನ ಮೇಲಿಡುವ ಕಪ್ಪು ದೀಪ, 35 ಪೌಂಡ್. ಬುಡದಲ್ಲಿ ಮೂರು ಸ್ಪ್ರಿಂಗ್, ಕೆಳಗೆ ಚೌಕಾಕಾರದ ಭಾರಿ ಪೀಠ. ಮೊದಮೊದಲ ದೀಪಗಳ ಪೀಠಕ್ಕೆ ಮೂರು ಮೆಟ್ಟಿಲು ಇರುತ್ತಿತ್ತು. ಇದಕ್ಕೆ ಎರಡೇ. ಹಾಗಾಗಿ 1950ರ ಆಸುಪಾಸಿನದ್ದಿರಬೇಕು ಅಂದುಕೊಂಡೆ.

ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ನಕ್ಕರು. "ಏನೋ ಇದು, ಹಲ್ಲು ಡಾಕ್ಟ್ರ ಹತ್ರ ಇರೋ ದೀಪ ಎತ್ಕೊಂಡು ಬಂದಿದೀಯಾ?"

ಅಮ್ಮನ ಮಾತಲ್ಲಿ ತಪ್ಪೇನಿಲ್ಲ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ದೀಪ ಇದು. ಇದನ್ನು ರೂಪಿಸಿದ ಜಾರ್ಜ್ ಕಾರ್ವರ್ಡೈನ್ ಇದೇ ಬಾತ್‌ನವರು, ಕಾರಿನ ಸಸ್ಪೆನ್ಷನ್ ಎಂಜಿನಿಯರ್. 1932ರಲ್ಲಿ ಪೇಟೆಂಟ್ ತೆಗೆದುಕೊಂಡರು. ರೆಡಿಚ್ ಊರಿನ ಹರ್ಬರ್ಟ್ ಟೆರಿ ಅನ್ನೋ ಸ್ಪ್ರಿಂಗ್ ಕಾರ್ಖಾನೆ ಅದನ್ನು ತಯಾರಿಸಿತು. ಮೊದಲ ಮಾದರಿಗೆ ನಾಲ್ಕು ಸ್ಪ್ರಿಂಗ್ ಇತ್ತು. ಮನೆಗೆ, ಆಫೀಸಿಗೆ ಅಂತ ಮೂರು ಸ್ಪ್ರಿಂಗಿನ 1227 ಬಂದಿದ್ದು 1935ರಲ್ಲಿ. 1968ರಲ್ಲಿ ಮಾಡೆಲ್ 75 ಬರುವವರೆಗೂ ಇದೇ ರೂಪ ಹೆಚ್ಚುಕಡಿಮೆ ನಡೆಯಿತು. ನಮ್ಮ ತೋಳಿಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಮೊಣಕೈ ಇದೆ, ಮಣಿಕಟ್ಟು ಇದೆ. ಸ್ನಾಯುವಿನ ಕೆಲಸ ಸ್ಪ್ರಿಂಗ್ ಮಾಡುತ್ತದೆ.

ಮೊದಲು ವೈರ್ ಕಿತ್ತೆ. ಒಳಗೆ ಬರೀ ಎರಡೆಳೆ, ಮೇಲಿನ ಬಟ್ಟೆ ಪುಡಿಪುಡಿ. ಪೂರ್ತಿ ಲೋಹದ ದೀಪಕ್ಕೆ ಅರ್ತ್ ಇಲ್ಲದೆ, ಒಳಗಿನ ಎಳೆ ಲೋಹಕ್ಕೆ ತಾಗಿದರೆ ಮುಟ್ಟಿದವನ ಗತಿ ಅಷ್ಟೇ. ಮೂರೆಳೆ ವೈರ್ ಎಳೆದೆ. ಹಸಿರು-ಹಳದಿ ಎಳೆಯನ್ನು ಹೋಲ್ಡರಿನ ಅರ್ತ್ ಸ್ಕ್ರೂಗೆ ಕಟ್ಟಿದೆ, ಪ್ಲಗ್ಗಿಗೆ 3 ಆಂಪ್ ಫ್ಯೂಸ್ ಹಾಕಿದೆ. ಕೀಲುಗಳ ಹತ್ತಿರ ವೈರನ್ನು ಸ್ವಲ್ಪ ಸಡಿಲ ಬಿಡಬೇಕು. ನಾನು ಬಿಗಿ ಮಾಡಿ, ತೋಳು ಬಗ್ಗದೆ, ಎರಡು ಸಲ ಬಿಚ್ಚಿದೆ. ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು, ಮುಟ್ಟಲಿಲ್ಲ. ಹೊಸ ಬಣ್ಣ ಬಳಿದು ಮಿಂಚಿಸಿದ ಹಳೇ ದೀಪ ನನಗಂತೂ ಮದುವೆಮನೆಯ ಮುದುಕಪ್ಪನ ಹಾಗೆ ಕಾಣುತ್ತದೆ.

ಇನ್ನು ಬಲ್ಬು. ಹೋಲ್ಡರ್ ನಮ್ಮೂರಿನ ಪಿನ್ ಹೋಲ್ಡರೇ. ಬ್ರಿಟಿಷರ ಕಾಲದಿಂದ ನಮ್ಮಲ್ಲಿ ಉಳಿದುಬಂದಿದ್ದು ಅದೇ ತಾನೇ! ವೋಲ್ಟೇಜೂ ಹತ್ತಿರ ಹತ್ತಿರ ಒಂದೇ. ಊರಿಂದ ತಂದಿದ್ದ ದಪ್ಪನೆಯ 15 ವಾಟ್ ಎಲ್‌ಇಡಿ ಹಾಕಿದೆ. ಏನು ಬೆಳಕು! ಎರಡು ನಿಮಿಷಕ್ಕೆ ದೀಪ ನಿಧಾನವಾಗಿ ತಲೆ ತಗ್ಗಿಸಿ ಪುಸ್ತಕದ ಮೇಲೆ ಬಂದು ಕೂತಿತು.

ಸ್ಪ್ರಿಂಗ್ ಸೋತಿದೆ ಅಂತ ಹೊಸ ಜೊತೆ ತರಿಸಿದೆ. ಅದನ್ನು ಹಾಕುವಾಗ ಹೆಬ್ಬೆರಳಿಗೆ ಚಿವುಟು ಬೇರೆ. ಆದರೂ ತಲೆ ತಗ್ಗುತ್ತಲೇ ಇತ್ತು. ಒಂದು ವಾರ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ ಅಡುಗೆಮನೆ ತಕ್ಕಡಿಯಲ್ಲಿ ಬಲ್ಬು ತೂಗಿದೆ. ದೀಪದ ಜೊತೆ ಬಂದಿದ್ದ ಹಳೇ ಬಲ್ಬು 34 ಗ್ರಾಂ, ನನ್ನ ಎಲ್‌ಇಡಿ 112. ಉದ್ದ ತೋಳಿನ ತುದಿಗೆ 78 ಗ್ರಾಂ ಹೆಚ್ಚು ನೇತುಹಾಕಿದ್ದೆ. ಆ ಸ್ಪ್ರಿಂಗುಗಳನ್ನು ಲೆಕ್ಕ ಹಾಕಿದ್ದು ಒಂದು ತಗಡಿನ ಟೋಪಿ, ಒಂದು ಹಗುರ ಗಾಜಿನ ಬುರುಡೆ, ಇಷ್ಟಕ್ಕೇ. ಹೆಚ್ಚು ತೂಕ ಹೊರಿಸಿದ್ದು ನಾನು, ಬೈದಿದ್ದು ಸ್ಪ್ರಿಂಗನ್ನ.

ಹಳೇ ಸ್ಪ್ರಿಂಗುಗಳನ್ನೇ ವಾಪಸ್ ಹಾಕಿದೆ. ಗಾಜಿನ ಬುರುಡೆಯೊಳಗೆ ಎಳೆ ಇರುವ, 4 ವಾಟಿನ ಸಣ್ಣ ಎಲ್‌ಇಡಿ ತಂದೆ. ಬೆಳಕು ಸ್ವಲ್ಪ ಕಮ್ಮಿ, ಆದರೆ ತಲೆಯನ್ನು ಹಾಳೆಯ ಹತ್ತಿರ ಎಳೆದುಕೊಂಡರೆ ಸಾಕು. ಒಂದೇ ಬೆರಳಲ್ಲಿ ಬರುತ್ತದೆ. ಬಿಟ್ಟಲ್ಲಿ ನಿಲ್ಲುತ್ತದೆ. ನಡುವಿನ ಸ್ಪ್ರಿಂಗ್ ಮಾತ್ರ ಪ್ರತಿ ಸಲ ಕಿರ್ ಅನ್ನುತ್ತದೆ. ಎಣ್ಣೆ ಬಿಟ್ಟರೆ ಹೋಗುತ್ತೇನೋ, ಯಾಕೋ ಬಿಟ್ಟಿಲ್ಲ.