ಕಾಯಿಲ್ ಹಾಕಿದ ಮೇಲೆ ಶಾಖ ಎಲ್ಲಿ ಬೀಳುತ್ತದೆ? ನಾನು ಅಳೆದ ಬಗೆ

ಮ್ಯೂನಿಕ್ ಪಕ್ಕದ ಗಾರ್ಶಿಂಗ್‌ನಲ್ಲಿ ಆಸ್ಡೆಕ್ಸ್ ಅಪ್‌ಗ್ರೇಡ್ ಅನ್ನೋ ಟೋಕಮಾಕ್ ಇದೆ, ಅಂದರೆ ಪ್ಲಾಸ್ಮಾವನ್ನು (ತೀರಾ ಬಿಸಿಯಾದ, ವಿದ್ಯುತ್ ಹರಿಯುವ ಅನಿಲ) ಉಂಗುರದಾಕಾರದ ಪಾತ್ರೆಯೊಳಗೆ ಮ್ಯಾಗ್ನೆಟಿಕ್ ಫೀಲ್ಡ್‌ನಿಂದ ಹಿಡಿದಿಡುವ ಫ್ಯೂಷನ್ ಪ್ರಯೋಗದ ಯಂತ್ರ. ಪ್ಲಾಸ್ಮಾದಿಂದ ಹೊರಬರುವ ಶಾಖವನ್ನು ತಡೆದುಕೊಳ್ಳುವ ಅದರ ಟೈಲ್ ಹಾಸಿದ ಭಾಗಕ್ಕೆ ಡೈವರ್ಟರ್ ಅನ್ನುತ್ತಾರೆ. ಅದರ ಮೇಲೆ ಬೀಳುವ ಶಾಖವನ್ನು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಅಳೆಯುವುದು ನನ್ನ ಕೆಲಸವಾಗಿತ್ತು.

ಪ್ಲಾಸ್ಮಾದ ಅಂಚು ಆಗಾಗ ಸಿಡಿದು ಡೈವರ್ಟರ್ ಟೈಲ್‌ಗಳಿಗೆ ಪೆಟ್ಟು ಕೊಡುತ್ತದೆ. ಅದನ್ನು ತಡೆಯಲು ಒಳಗೇ 16 ಕಾಯಿಲ್‌ಗಳಿವೆ, ಮೇಲೆ 8, ಕೆಳಗೆ 8. ಅವು ಮುಖ್ಯ ಮ್ಯಾಗ್ನೆಟಿಕ್ ಫೀಲ್ಡ್‌ನ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು ಕದಡಿದರೂ ಸಾಕು, ಟೈಲ್ ಮೇಲೆ ಒಂದೇ ಗೆರೆಯಾಗಿ ಬೀಳುತ್ತಿದ್ದ ಶಾಖ ಎರಡು ಮೂರು ಗೆರೆಗಳಾಗಿ ಒಡೆಯುತ್ತದೆ. ಅದೂ ಸುತ್ತಲೂ ಒಂದೇ ತರ ಅಲ್ಲ. ನನ್ನ ಕ್ಯಾಮೆರಾಗೆ ಕಾಣುವುದು ಒಂದೇ ಜಾಗ. ಇನ್ನಷ್ಟು ಕ್ಯಾಮೆರಾ ಇಡೋಣ ಅಂದ್ರೆ ಕಿಟಕಿಗಳೇ ಇಲ್ಲ.

ಹಾಗಾಗಿ ಫೀಲ್ಡನ್ನೇ ತಿರುಗಿಸಿದೆವು. ಕಾಯಿಲ್‌ಗಳ ಕರೆಂಟನ್ನು ಒಂದರ ಹಿಂದೊಂದು ಏರಿಸಿ ಇಳಿಸಿದರೆ ಕದಡಿದ ಮಾದರಿ ಯಂತ್ರದ ಸುತ್ತ ಸಾಗುತ್ತದೆ, ಕ್ಯಾಮೆರಾ ಮುಂದೆ ಮೆರವಣಿಗೆ ಹೋದ ಹಾಗೆ. ಆಗ ಪ್ರತಿ ಫ್ರೇಮೂ ಬೇರೊಂದು ಕೋನದ ಚಿತ್ರ. ಜೋರಾಗಿ ತಿರುಗಿಸುವಂತಿಲ್ಲ, ಹತ್ತಿರದ ಲೋಹದ ಭಾಗಗಳು ಫೀಲ್ಡನ್ನು ಕುಗ್ಗಿಸುತ್ತವೆ. ತೀರಾ ನಿಧಾನವಾದರೆ ಶಾಟೇ (ಒಂದು ಸಲದ ಪ್ರಯೋಗ) ಮುಗಿದಿರುತ್ತದೆ, ಅದು ಇರುವುದೇ ಕೆಲವು ಸೆಕೆಂಡು. ಸೆಕೆಂಡಿಗೆ ಸುಮಾರು ಒಂದು ಸುತ್ತು ಸರಿಹೋಯಿತು. ಸಿಡಿತಗಳೇ ಇಲ್ಲದ ಶಾಂತ ಪ್ಲಾಸ್ಮಾವನ್ನೇ ಆರಿಸಿಕೊಂಡೆವು. ಇಲ್ಲದಿದ್ದರೆ ಗೆರೆ ಯಾವುದು, ಸಿಡಿತ ಯಾವುದು ಗೊತ್ತಾಗುವುದಿಲ್ಲ.

ನಿಜವಾದ ತಲೆನೋವು ಲೆಕ್ಕದಲ್ಲಿ. ಕ್ಯಾಮೆರಾ ಕೊಡುವುದು ಟೈಲಿನ ಮೇಲ್ಮೈ ತಾಪ, ನಮಗೆ ಬೇಕಾದ್ದು ಒಳಹರಿಯುವ ಶಾಖ. ಟೈಲ್ ಮೇಲೆ ಸಡಿಲವಾದ ತೆಳು ಪದರ ಕೂತಿರುತ್ತದೆ. ಅದು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಹೀಟಿಂಗ್ ಆಫ್ ಆದ ಕೂಡಲೇ ಗ್ರಾಫ್ ಸೊನ್ನೆಗಿಂತ ಕೆಳಗಿಳಿಯುತ್ತದೆ. ಟೈಲೇ ಪ್ಲಾಸ್ಮಾಗೆ ಶಾಖ ಕೊಟ್ಟಂತೆ! ಆ ಗುಂಡಿ ಹೋಗುವ ತನಕ ಪದರ ಶಾಖವನ್ನು ಎಷ್ಟು ದಾಟಿಸುತ್ತದೆ ಅನ್ನುವ ಅಂಕಿಯನ್ನು ತಿದ್ದಬೇಕು. ಈ ಕೆಲಸ ಮಾಡದೆ ಯಾರಾದರೂ ಗರಿಷ್ಠ ಶಾಖ ಇಷ್ಟು ಅಂದರೆ ನಾನಂತೂ ನಂಬುವುದಿಲ್ಲ.

ಕೊನೆಗೆ ಕೋನವನ್ನು ಒಂದು ಕಡೆ, ಟೈಲಿನ ಉದ್ದವನ್ನು ಇನ್ನೊಂದು ಕಡೆ ಇಟ್ಟು ಬಿಡಿಸಿದರೆ ಓರೆ ಪಟ್ಟಿಗಳು ಸ್ಪಷ್ಟವಾಗಿ ಕಂಡವು. ಪೂರ್ತಿ ಸುತ್ತಿನ ಸರಾಸರಿ ತೆಗೆದರೆ, ಕಾಯಿಲ್ ಇಲ್ಲದಾಗಿನ ಅದೇ ಆಕಾರ ಹೆಚ್ಚುಕಮ್ಮಿ ವಾಪಸ್ ಬಂತು. ಅಂದರೆ ಕಾಯಿಲ್‌ಗಳು ಶಾಖವನ್ನು ಕಡಿಮೆ ಮಾಡಲಿಲ್ಲ, ಜಾಗ ಬದಲಿಸಿದವು, ಅಷ್ಟೇ. ಪ್ಲಾಸ್ಮಾದ ಸಾಂದ್ರತೆ ಹೆಚ್ಚಿಸಿದಾಗ ಪಟ್ಟಿಗಳ ನಡುವಿನ ಏರುಪೇರೂ ತಗ್ಗಿತು.

ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ದೊಡ್ಡ ಟೋಕಮಾಕ್ ಈಟರ್‌ನಲ್ಲಿ ಇಂಥ 27 ಕಾಯಿಲ್‌ಗಳು ಬರಲಿವೆ. ಅಲ್ಲಿ ಟೈಲ್ ಮೇಲೆ ಬೀಳುವ ಶಾಖಕ್ಕೆ ಚದರ ಮೀಟರಿಗೆ 10 ಮೆಗಾವಾಟ್ ಆಸುಪಾಸಿನ ಮಿತಿ. ಫೀಲ್ಡ್ ತಿರುಗಿಸಿದರೆ ಒಂದೇ ಟೈಲ್ ಸುಡುವುದು ತಪ್ಪುತ್ತದೆ ನಿಜ. ಆದರೆ ಪ್ರತಿ ಟೈಲೂ ಮತ್ತೆ ಮತ್ತೆ ಕಾದು ಆರಬೇಕಾಗುತ್ತದೆ, ಲೋಹ ದಣಿಯುತ್ತದೆ. ನನ್ನನ್ನು ಕೇಳಿದರೆ, ಮೊದಲು ಸಾಂದ್ರತೆ ಏರಿಸಿ ನೋಡುತ್ತೇನೆ, ತಿರುಗಿಸುವುದು ಆಮೇಲೆ.